ಕಟ್ಟಿದ ಬೆಲೆಯ ಮೇಲಿನ ತಕರಾರು

1894ರ ಭೂಸ್ವಾಧೀನ ಕಾಯ್ದೆಯ 31ನೇ ಕಲಮಿನಲ್ಲಿ ಒಂದು ಸಣ್ಣ ಷರತ್ತಿತ್ತು. ಸರ್ಕಾರ ಕೊಟ್ಟ ಪರಿಹಾರವನ್ನು ತಕರಾರಿಲ್ಲದೆ ತೆಗೆದುಕೊಂಡವನಿಗೆ, ಆ ಬೆಲೆ ಕಡಿಮೆಯಾಯಿತೆಂದು ಆಮೇಲೆ ನ್ಯಾಯಾಲಯದ ಮುಂದೆ ಹೇಳುವ ಹಕ್ಕು ಇರಲಿಲ್ಲ. ರಸೀದಿಯ ಮೇಲೆ ‘ತಕರಾರಿನೊಡನೆ ಪಡೆದಿದ್ದೇನೆ’ ಎಂಬ ಒಂದು ಸಾಲು ಬರೆದವನಿಗೆ ದಾರಿ ತೆರೆದಿರುತ್ತಿತ್ತು, ಹೆಬ್ಬೆಟ್ಟು ಒತ್ತಿ ಸುಮ್ಮನೆ ಹಣ ಎಣಿಸಿಕೊಂಡವನಿಗೆ ಮುಚ್ಚಿಹೋಗುತ್ತಿತ್ತು. ಗೊರೂರಿನಲ್ಲಿ ಹೇಮಾವತಿಗೆ ಕಟ್ಟಿದ ಅಣೆಕಟ್ಟು 1979ರಲ್ಲಿ ಮುಗಿಯಿತು. ಅದರ ಹಿನ್ನೀರಿಗೆ ಗದ್ದೆ, ತೋಟ, ಮನೆ ಬಿಟ್ಟುಕೊಟ್ಟ ಕುಟುಂಬಗಳು ಎದುರಿಸಿದ್ದು ಇದೇ ಕಾನೂನನ್ನು. ಶೆಟ್ಟಿಹಳ್ಳಿಯ ಚರ್ಚು ಮಳೆಗಾಲದಲ್ಲಿ ಮುಳುಗಿ ಬೇಸಿಗೆಯಲ್ಲಿ ಏಳುವುದನ್ನು ನೋಡಲು ಈಗ ಊರೂರಿನಿಂದ ಜನ ಬರುತ್ತಾರೆ. ಅದರ ಸುತ್ತಲಿನ ಜಮೀನಿಗೆ ಯಾರು, ಯಾವ ಕಾಗದ ನೋಡಿ, ಎಷ್ಟು ಬೆಲೆ ಕಟ್ಟಿದರು ಎಂಬ ಪ್ರಶ್ನೆಯನ್ನು ಕೇಳುವವರು ಕಡಿಮೆ. ಹಾಸನ, ಹೊಳೆನರಸೀಪುರ, ಅರಕಲಗೂಡು, ಚನ್ನರಾಯಪಟ್ಟಣದ ಮನೆ ಜಮೀನುಗಳ ಚರಿತ್ರೆಯನ್ನು ಈ ಪ್ರಶ್ನೆಯಿಂದಲೇ ಓದಬೇಕು ಎನ್ನುವುದು ನನ್ನ ವಾದ. ಹಾಗೆ ಓದಿದರೆ, ಇವತ್ತು ಮನೆ ಸಾಲವನ್ನು ಒಂದು ಬ್ಯಾಂಕಿನಿಂದ ಇನ್ನೊಂದಕ್ಕೆ ವರ್ಗಾಯಿಸಲು ಹೋದವನಿಗೆ ಮೌಲ್ಯಮಾಪಕರು ಕಡಿಮೆ ಬೆಲೆ ಬರೆದುಕೊಟ್ಟಾಗ ಅವನು ಏಕೆ ನಿರುಪಾಯನಾಗುತ್ತಾನೆ ಎಂಬುದೂ ತಿಳಿಯುತ್ತದೆ. ಕಡಿಮೆ ಬೆಲೆಯ ಬೇರು ಅಧಿಕಾರಿಯ ಜಿಪುಣತನಕ್ಕಿಂತ ಆಳದಲ್ಲಿದೆ. ಬೆಲೆ ಕಡಿಮೆ ಕಾಣಿಸುವುದೇ ಕ್ಷೇಮ ಎಂದು ತಲೆಮಾರುಗಳ ಕಾಲ ನಾವು ಬರೆಸುತ್ತ ಬಂದ ಕಾಗದಗಳಲ್ಲಿದೆ.

ಅಡವಿಟ್ಟ ಆಸ್ತಿಯ ವಿಷಯ ಈ ಸೀಮೆಗೆ ಹೊಸದೇನಲ್ಲ. ಚನ್ನರಾಯಪಟ್ಟಣ ತಾಲೂಕಿನ ಶ್ರವಣಬೆಳಗೊಳದಲ್ಲಿ 1634ರ ಒಂದು ಶಾಸನವಿದೆ. ಗೊಮ್ಮಟನ ಪೂಜೆಗೆಂದು ಬಿಟ್ಟಿದ್ದ ಭೂಮಿಯನ್ನು ಸ್ಥಾನಿಕರು ಕಷ್ಟಕಾಲದಲ್ಲಿ ವರ್ತಕರಿಗೆ ಅಡವಿಟ್ಟಿದ್ದರು. ಅಡವು ಹಿಡಿದವರು ಬಹುಕಾಲದಿಂದ ಅದನ್ನು ಅನುಭವಿಸುತ್ತ ಬಂದಿದ್ದರು. ಮೈಸೂರಿನ ಚಾಮರಾಜ ಒಡೆಯರು ಅವರನ್ನು ಕರೆಸಿ, ಸಾಲವನ್ನು ತಾವೇ ತೀರಿಸುತ್ತೇವೆ ಎಂದರು. ದೊರೆಯ ಮಾತು ಕೇಳಿದ ವರ್ತಕರು ಹಣ ಬೇಡವೆಂದು, ಪುಣ್ಯಕ್ಕಾಗಿ ಭೂಮಿಯನ್ನು ಧಾರೆಯೆರೆದು ಬಿಟ್ಟುಕೊಟ್ಟರು. ಇನ್ನು ಮುಂದೆ ಈ ಭೂಮಿಯನ್ನು ಯಾರೂ ಅಡವಿಡಬಾರದು, ಅಡವು ಹಿಡಿಯಲೂಬಾರದು ಎಂಬ ಕಟ್ಟಳೆಯಾಯಿತು. ಶಾಸನ ಇದನ್ನು ಧರ್ಮಕಾರ್ಯವೆಂದು ಕೊಂಡಾಡುತ್ತದೆ, ಕೊಂಡಾಡಬೇಕಾದದ್ದೇ. ಆದರೆ ಸಾಲ ಎಷ್ಟು, ಭೂಮಿಯ ಬೆಲೆ ಎಷ್ಟು, ಅಷ್ಟು ವರ್ಷದ ಫಸಲಿನಲ್ಲಿ ಸಾಲ ಆಗಲೇ ತೀರಿಹೋಗಿತ್ತೇ ಎಂಬ ಲೆಕ್ಕ ಅಲ್ಲಿ ನಡೆಯಲಿಲ್ಲ. ಬಿಡುಗಡೆ ಬಂದದ್ದು ಅರಸನ ಕೃಪೆಯಿಂದ. ಕೃಪೆಗೆ ಲೆಕ್ಕ ಬೇಕಿಲ್ಲ, ಹಕ್ಕಿಗೆ ಬೇಕು. ಗೊಮ್ಮಟನ ಭೂಮಿಗೆ ದೊರೆಯೇ ಬಂದು ನಿಂತ. ಅದೇ ಕಾಲದಲ್ಲಿ ಹೊಲ ಅಡವಿಟ್ಟಿದ್ದ ಸಾಮಾನ್ಯ ಒಕ್ಕಲಿಗನ ಪರವಾಗಿ ಹಾಗೆ ಯಾರೂ ಬರುತ್ತಿರಲಿಲ್ಲ.

ಹಕ್ಕಿನ ಭಾಷೆ ಬಂದದ್ದು ಹತ್ತೊಂಬತ್ತನೇ ಶತಮಾನದಲ್ಲಿ, ಅದೂ ಕಂದಾಯದ ಜೊತೆಯಲ್ಲಿ. ಮೈಸೂರು ಸೀಮೆಯಲ್ಲಿ ಕಮಿಷನರ ಆಡಳಿತ 1863ರಲ್ಲಿ ರೆವಿನ್ಯೂ ಸರ್ವೆ ಶುರುಮಾಡಿತು. ಹೊಲವನ್ನು ಅಳೆದು, ನಂಬರು ಹಾಕಿ, ಮಣ್ಣನ್ನು ಆಣೆ ಲೆಕ್ಕದಲ್ಲಿ ದರ್ಜೆ ಮಾಡಿ, ಅದರ ಮೇಲೆ ಆಕಾರ ನಿಗದಿ ಮಾಡುವ ಪದ್ಧತಿ ಅದು. ಹದಿನಾರಾಣೆ ಮಣ್ಣೆಂದು ಬರೆದರೆ ಕಂದಾಯ ಹೆಚ್ಚು, ಎಂಟಾಣೆ ಎಂದು ಬರೆದರೆ ಕಡಿಮೆ. ತನ್ನ ಹೊಲ ಬಡಹೊಲವೆಂದು ಸರ್ವೆಯವರಿಗೆ ತೋರಿಸುವುದರಲ್ಲಿ ರೈತನ ಹಿತವಿತ್ತು. ಮುಂದೆ ಆಸ್ತಿ ಕೊಳ್ಳುವಾಗ ಮುದ್ರಾಂಕ ಶುಲ್ಕ ಬಂದಾಗಲೂ ಅದೇ ತರ್ಕ ಮುಂದುವರಿಯಿತು. ಐದು ಸಾವಿರಕ್ಕೆ ಕೊಂಡ ಗದ್ದೆಯನ್ನು ಕ್ರಯಪತ್ರದಲ್ಲಿ ಮೂರು ಸಾವಿರವೆಂದು ಬರೆಸಿದರೆ ಛಾಪಾ ಕಾಗದದ ಖರ್ಚು ಉಳಿಯುತ್ತಿತ್ತು; ಮಾರಿದವನಿಗೂ ತೊಂದರೆಯಿಲ್ಲ, ಕೊಂಡವನಿಗೂ ಇಲ್ಲ. ಇದು ತಪ್ಪೆಂದು ಸರ್ಕಾರಕ್ಕೆ ಗೊತ್ತಿತ್ತು. ನಮ್ಮ 1957ರ ಮುದ್ರಾಂಕ ಕಾಯ್ದೆಗೆ 45ಎ ಎಂಬ ಕಲಮು ಸೇರಿದ್ದೇ ಕಡಿಮೆ ಬೆಲೆ ಬರೆಸಿದ ಪತ್ರಗಳನ್ನು ಹಿಡಿಯಲಿಕ್ಕೆ. ಸಬ್ ರಿಜಿಸ್ಟ್ರಾರರ ಗೋಡೆಗೆ ಮಾರ್ಗಸೂಚಿ ದರದ ಪಟ್ಟಿ ಬಂದದ್ದೂ ಅದಕ್ಕೇ. ಆದರೆ ಪಟ್ಟಿ ಬಂದಮೇಲೆ ಜನ ಪಟ್ಟಿಯ ದರವನ್ನೇ ಬರೆಸಿದರು, ಕೊಟ್ಟ ಬೆಲೆಯನ್ನಲ್ಲ. ಹೀಗೆ ಪ್ರತಿಯೊಂದು ಊರಿನ ದಾಖಲೆಯಲ್ಲಿ ಎರಡು ಬೆಲೆಗಳು ಬೆಳೆದವು: ಊರಿನ ಬಾಯಲ್ಲಿ ಒಂದು, ಉಪನೋಂದಣಿ ಕಚೇರಿಯ ಪುಸ್ತಕದಲ್ಲಿ ಇನ್ನೊಂದು. ಸರ್ಕಾರ ಹಣ ಕೇಳಲು ಬರುತ್ತಿದ್ದಷ್ಟು ಕಾಲ ಈ ಅಂತರ ಜನರನ್ನು ಕಾಪಾಡಿತು. ಸರ್ಕಾರವೇ ಜಮೀನು ಕೊಳ್ಳಲು ಬಂದಾಗ ಅದೇ ಅಂತರ ಅವರ ಕೈಕಟ್ಟಿತು.

ಕೊಳ್ಳಲು ಬಂದದ್ದು ಹೇಗೆ ಎಂಬುದನ್ನು ಇಲ್ಲಿ ಸ್ವಲ್ಪ ನಿಂತು ನೋಡಬೇಕು. ಬ್ರಿಟಿಷ್ ಭಾರತದ 1870ರ ಕಾಯ್ದೆಯ ಪ್ರಕಾರ ಬೆಲೆಯ ಬಗ್ಗೆ ಒಪ್ಪಂದವಾಗದಿದ್ದರೆ ಕಲೆಕ್ಟರೇ ವಿಷಯವನ್ನು ನ್ಯಾಯಾಲಯಕ್ಕೆ ಒಯ್ಯಬೇಕಿತ್ತು. 1894ರ ಕಾಯ್ದೆ ಇದನ್ನು ತಿರುವಿಹಾಕಿತು: ಕಲೆಕ್ಟರು ಐತೀರ್ಪು ಕೊಡುತ್ತಾನೆ, ಒಪ್ಪದವನು ತಾನೇ ಅರ್ಜಿ ಹಾಕಿಕೊಳ್ಳಬೇಕು. ಮೈಸೂರು ಸಂಸ್ಥಾನವೂ ಅದೇ ವರ್ಷ ಅದೇ ಮಾದರಿಯ ಕಾನೂನು ಮಾಡಿಕೊಂಡಿತು. 1961ರಲ್ಲಿ ಕೇಂದ್ರ ಕಾಯ್ದೆಯನ್ನು ಮೈಸೂರು ರಾಜ್ಯಕ್ಕೆಲ್ಲ ವಿಸ್ತರಿಸಿ ತಿದ್ದಿದ ಕಾನೂನು ಬಂತು. ಅದರಂತೆ ನೋಟೀಸು ತಲುಪಿದ 90 ದಿನದೊಳಗೆ 18ನೇ ಕಲಮಿನ ಅರ್ಜಿ ಕೊಡಬೇಕು. ಅಧಿಕಾರಿ ಮುಂದಿನ 90 ದಿನದೊಳಗೆ ಅದನ್ನು ನ್ಯಾಯಾಲಯಕ್ಕೆ ಕಳಿಸಬೇಕು. ಕಳಿಸದಿದ್ದರೆ ಅರ್ಜಿದಾರನೇ ನೇರವಾಗಿ ನ್ಯಾಯಾಲಯದ ಬಾಗಿಲು ತಟ್ಟಬಹುದು. ಓದಲು ಉದಾರವಾದ ವ್ಯವಸ್ಥೆ. ಇದರ ಹಿಂದಿದ್ದ ತತ್ವವೂ ದೊಡ್ಡದು. 1905ರಷ್ಟು ಹಿಂದೆಯೇ, ಕಲಕತ್ತೆಯ ಎಜ್ರಾ ಪ್ರಕರಣದಲ್ಲಿ ಪ್ರಿವಿ ಕೌನ್ಸಿಲ್ ಹೇಳಿಬಿಟ್ಟಿತ್ತು: ಕಲೆಕ್ಟರನ ಐತೀರ್ಪು ತೀರ್ಪಲ್ಲ, ಸರ್ಕಾರದ ಪರವಾಗಿ ಅವನು ಮುಂದಿಡುವ ಒಂದು ಬೆಲೆಯ ಪ್ರಸ್ತಾವ ಮಾತ್ರ. 1939ರಲ್ಲಿ ವಿಶಾಖಪಟ್ಟಣದ ಬಂದರಿಗೆ ನೀರು ಕೊಡುವ ಬುಗ್ಗೆಯ ಜಮೀನಿನ ವಿಷಯ ಬಂದಾಗ ಅದೇ ಪ್ರಿವಿ ಕೌನ್ಸಿಲ್, ಭೂಮಿಯ ಇಂದಿನ ಉಪಯೋಗವಷ್ಟೇ ಅಲ್ಲ, ಮುಂದೆ ಅದು ಏನಾಗಬಲ್ಲದು ಎಂಬುದೂ ಬೆಲೆಯಲ್ಲಿ ಸೇರಬೇಕೆಂದಿತು. 1988ರ ಚಿಮನ್‌ಲಾಲ್ ಪ್ರಕರಣದಲ್ಲಿ ಸುಪ್ರೀಂ ಕೋರ್ಟು, ಐತೀರ್ಪನ್ನು ಪ್ರಸ್ತಾವವೆಂದೇ ನೋಡಬೇಕು, ಆದರೆ ಅದು ಕಡಿಮೆಯೆಂದು ತೋರಿಸುವ ಹೊಣೆ ಜಮೀನಿನವನದು ಎಂದಿತು. ಆ ಕೊನೆಯ ಮಾತಿನಲ್ಲೇ ಇಡೀ ಕಷ್ಟ ಅಡಗಿದೆ. ತೋರಿಸಬೇಕು, ಸರಿ. ಯಾವ ಕಾಗದದಿಂದ?

ಹೇಮಾವತಿಯ ಕಾಲದಲ್ಲಿ ಇದ್ದ ಕಾನೂನಿನ 25ನೇ ಕಲಮನ್ನು ಇವತ್ತು ಓದಿದರೆ ಎದೆ ಧಸಕ್ಕೆನ್ನುತ್ತದೆ. 9ನೇ ಕಲಮಿನ ನೋಟೀಸು ಬಂದಾಗ ಜಮೀನಿನವನು ತನಗೆ ಇಷ್ಟು ಬೇಕೆಂದು ಒಂದು ಮೊತ್ತ ಬರೆದುಕೊಡಬೇಕಿತ್ತು. ನ್ಯಾಯಾಲಯ ಆಮೇಲೆ ಎಷ್ಟೇ ಹೆಚ್ಚಿನ ಬೆಲೆ ನ್ಯಾಯವೆಂದು ಕಂಡರೂ ಅವನು ಬರೆದದ್ದಕ್ಕಿಂತ ಒಂದು ರೂಪಾಯಿ ಹೆಚ್ಚು ಕೊಡುವಂತಿರಲಿಲ್ಲ. ಸರಿಯಾದ ಕಾರಣವಿಲ್ಲದೆ ಏನನ್ನೂ ಬರೆಯದಿದ್ದರೆ, ಅಧಿಕಾರಿ ಕಟ್ಟಿದ್ದೇ ಕೊನೆಯ ಬೆಲೆ. ಅಕ್ಷರ ಬಾರದ ಒಬ್ಬ ರೈತ ಯೋಜನೆಯ ಆರಂಭದಲ್ಲೇ, ವಕೀಲರನ್ನು ನೋಡುವ ಮೊದಲೇ, ಅಂಜಿಕೆಯಿಂದ ಬರೆಸಿದ ಸಣ್ಣ ಮೊತ್ತ ಅವನನ್ನು ಜೀವಮಾನವಿಡೀ ಕಟ್ಟಿಹಾಕುತ್ತಿತ್ತು. ಹೆಚ್ಚು ಕೇಳೋಣವೆಂದರೆ ಹೈಕೋರ್ಟಿನ ಮೇಲ್ಮನವಿಗೆ, 1958ರ ನಮ್ಮ ನ್ಯಾಯಾಲಯ ಶುಲ್ಕ ಕಾಯ್ದೆಯಂತೆ, ಕೇಳಿದ ಹೆಚ್ಚುವರಿ ಮೊತ್ತದ ಮೇಲೆ ಶುಲ್ಕ ಕಟ್ಟಬೇಕಿತ್ತು. ಹಣ ಇಲ್ಲದವನು ಕಡಿಮೆ ಕೇಳಿದ, ಕಡಿಮೆ ಕೇಳಿದವನಿಗೆ ಕಡಿಮೆ ಸಿಕ್ಕಿತು. 1984ರ ಸೆಪ್ಟೆಂಬರಿನಲ್ಲಿ ಸಂಸತ್ತು ಇದನ್ನೆಲ್ಲ ತಿದ್ದಿತು: ಕೇಳಿದ್ದೇ ಮಿತಿ ಎಂಬ ಕಟ್ಟು ಹೋಯಿತು, ಬಲವಂತದ ಸ್ವಾಧೀನಕ್ಕೆ ಕೊಡುವ ಹೆಚ್ಚುವರಿ ಶೇ 15ರಿಂದ 30ಕ್ಕೆ ಏರಿತು, 28ಎ ಎಂಬ ಹೊಸ ಕಲಮು ಬಂತು. ಒಂದೇ ಅಧಿಸೂಚನೆಯಲ್ಲಿ ಜಮೀನು ಕಳೆದುಕೊಂಡ ನೆರೆಯವನು ನ್ಯಾಯಾಲಯದಲ್ಲಿ ಗೆದ್ದರೆ, ಅರ್ಜಿ ಹಾಕದೆ ಉಳಿದಿದ್ದವನೂ ಮೂರು ತಿಂಗಳೊಳಗೆ ಅದೇ ದರ ಕೇಳಬಹುದು ಎಂಬುದು ಆ ಕಲಮಿನ ಸಾರ. ಬಡವರಿಗೆ ಗೊತ್ತಾಗದೆ ಹಕ್ಕು ಕೈತಪ್ಪುತ್ತಿತ್ತೆಂದು ಶಾಸನವೇ ಒಪ್ಪಿಕೊಂಡ ಗಳಿಗೆ ಅದು. ಆದರೆ ಅಣೆಕಟ್ಟು ಅಷ್ಟು ಹೊತ್ತಿಗೆ ತುಂಬಿ ಐದು ವರ್ಷ. ಹಿಂದೆಯೇ ಅಂತಿಮವಾಗಿ ಮುಗಿದುಹೋಗಿದ್ದ ಪ್ರಕರಣಗಳಿಗೆ ಈ ತಿದ್ದುಪಡಿ ತಲುಪಲಿಲ್ಲ. ಹೇಮಾವತಿ ಜಲಾಶಯ ಯೋಜನೆಯ ಸಂತ್ರಸ್ತರಿಗೆಂದು ಬೇರೆ ಕಡೆ ಕಾದಿಟ್ಟ ‘ಎಚ್‌ಆರ್‌ಪಿ ಜಮೀನು’ ಮುಂದೆ ಯಾರ್‍ಯಾರ ಹೆಸರಿಗೆ ಹೋಯಿತೆಂಬ ದೂರು, ತನಿಖೆಗಳದು ಬೇರೆಯೇ ಕಥೆ.

ತೋಟದ ಬೆಲೆ ಹೇಗೆ ಹೆಚ್ಚು ಕಡಿಮೆಯಾಗುತ್ತದೆ ಎಂಬುದಕ್ಕೆ ಚನ್ನರಾಯಪಟ್ಟಣದ ಕಡೆಯ ತೆಂಗಿನ ತೋಟವನ್ನೇ ಲೆಕ್ಕಕ್ಕೆ ಹಿಡಿಯಬಹುದು. ನಾಲೆ, ಹೆದ್ದಾರಿ, 2017ರಲ್ಲಿ ಓಡಾಟ ಶುರುವಾದ ಬೆಂಗಳೂರು–ಹಾಸನ ರೈಲುಮಾರ್ಗ ಇವೆಲ್ಲ ಈ ತೋಟಗಳ ನಾಡನ್ನೇ ಸೀಳಿಕೊಂಡು ಹೋಗಿವೆ. ಫಲ ಕೊಡುವ ಮರಗಳ ಜಮೀನಿಗೆ ಅದರ ವರ್ಷದ ನಿವ್ವಳ ಆದಾಯವನ್ನು ಇಂತಿಷ್ಟು ವರ್ಷದಿಂದ ಗುಣಿಸಿ ಬೆಲೆ ಕಟ್ಟುವ ಪದ್ಧತಿಯಿದೆ. ದಾವಣಗೆರೆಯ ವಿಶೇಷ ಭೂಸ್ವಾಧೀನಾಧಿಕಾರಿಯ ಪ್ರಕರಣವೊಂದರಲ್ಲಿ ಸುಪ್ರೀಂ ಕೋರ್ಟು 1984ರಲ್ಲಿ ಆ ಗುಣಕವನ್ನು 10 ಎಂದು ಹಿಡಿಯಿತು. ಎಕರೆಗೆ 40 ಮರ, ಮರಕ್ಕೆ ವರ್ಷಕ್ಕೆ 80 ಕಾಯಿ, ಕಾಯಿಗೆ 15 ರೂಪಾಯಿ ಎಂದುಕೊಳ್ಳಿ. ವರ್ಷದ ಹುಟ್ಟುವಳಿ 48,000. ಅರ್ಧ ಖರ್ಚಿಗೆ ಕಳೆದರೆ 24,000. ಹತ್ತರಿಂದ ಗುಣಿಸಿದರೆ 2,40,000. ಪಂಚನಾಮೆಯಲ್ಲಿ ಅಧಿಕಾರಿ 80ರ ಬದಲು 50 ಕಾಯಿ ಎಂದು ಬರೆದರೆ ಅದೇ ಎಕರೆ 1,50,000ಕ್ಕೆ ಇಳಿಯುತ್ತದೆ. ಮರವೂ ಅದೇ, ಮಣ್ಣೂ ಅದೇ. 90,000 ರೂಪಾಯಿ ಒಂದು ಅಂಕಿಯಲ್ಲಿ ಹೋಯಿತು. ಅದನ್ನು ತಿದ್ದಿಸಲು ಕಾಯಿ ಮಾರಿದ ರಸೀದಿ ಬೇಕು, ಎಪಿಎಂಸಿ ಚೀಟಿ ಬೇಕು, ತೋಟಗಾರಿಕೆ ಇಲಾಖೆಯ ಇಳುವರಿ ಪತ್ರ ಬೇಕು. ತೋಟಕ್ಕೇ ಬಂದ ದಲ್ಲಾಳಿಗೆ ಬಾಯಿಮಾತಿನಲ್ಲಿ ಕಾಯಿ ಕೊಟ್ಟು ಬಂದವನ ಬಳಿ ಇವೊಂದೂ ಇರುವುದಿಲ್ಲ. ಬೆಲೆಯ ತಕರಾರಿನಲ್ಲಿ ಗೆದ್ದವರಿಗೂ ಸೋತವರಿಗೂ ನಡುವೆ ಇದ್ದ ವ್ಯತ್ಯಾಸ ಬಹುಪಾಲು ಇಷ್ಟೇ. ಇನ್ನು ಬಾಗೂರು–ನವಿಲೆ ಸುರಂಗದ ಮೇಲಿನ ಹಳ್ಳಿಗಳಂಥ ಕಡೆ, ನಾಲೆ ಹೊಲದ ಮೇಲೆ ಹಾಯದೆ ಕೆಳಗಿನಿಂದ ಹಾಯ್ದುಹೋದಲ್ಲಿ, ಬಾವಿಯ ನೀರಿಗಾದ ನಷ್ಟಕ್ಕೆ ಹೀಗೆ ಎಣಿಸಲು ಮರವೂ ಇಲ್ಲ, ತೋರಿಸಲು ರಸೀದಿಯೂ ಇಲ್ಲ.

ಇಲ್ಲಿ ಒಂದು ಆಕ್ಷೇಪಣೆ ಏಳುತ್ತದೆ, ಅದು ಹಗುರವಾದದ್ದಲ್ಲ. ಶುಲ್ಕ ಉಳಿಸಲು ಕ್ರಯಪತ್ರದಲ್ಲಿ ಸುಳ್ಳು ಬೆಲೆ ಬರೆಸಿದವನು, ಪರಿಹಾರದ ಹೊತ್ತಿಗೆ ನಿಜ ಬೆಲೆ ಕೇಳುವುದು ಯಾವ ನ್ಯಾಯ? ಬರೆಸಿದವನೇ ಕೇಳಿದರೆ ಅವನಿಗೆ ಉತ್ತರವಿಲ್ಲ ಎಂದು ನಾನೂ ಒಪ್ಪುತ್ತೇನೆ. ಆದರೆ ಸ್ವಾಧೀನದಲ್ಲಿ ನಡೆಯುವುದು ಹಾಗಲ್ಲ. ಅರಕಲಗೂಡಿನ ಒಂದು ಪಿತ್ರಾರ್ಜಿತ ಹೊಲಕ್ಕೆ ಕ್ರಯಪತ್ರವೇ ಇರುವುದಿಲ್ಲ. ಮೂರು ತಲೆಮಾರಿನಿಂದ ಅದು ಮಾರಾಟವಾಗಿಲ್ಲ. ಅದರ ಬೆಲೆ ತೀರ್ಮಾನವಾಗುವುದು ಪಕ್ಕದ ಸರ್ವೆ ನಂಬರಿನವನು ಅವಸರದಲ್ಲಿ ಮಾರಿ ಕಡಿಮೆ ಬರೆಸಿದ ಪತ್ರದಿಂದ. ಶುಲ್ಕ ಉಳಿಸಿದವನು ಒಬ್ಬ, ದಂಡ ತೆತ್ತವನು ಇನ್ನೊಬ್ಬ. ನ್ಯಾಯಾಲಯಗಳು ಇದನ್ನು ಕಂಡಿವೆ. ಶುಲ್ಕಕ್ಕೆಂದು ಮಾಡಿದ ಮೌಲ್ಯದ ಪಟ್ಟಿ ಮಾರುಕಟ್ಟೆ ಬೆಲೆಗೆ ಆಧಾರವಾಗಲಾರದೆಂದು ಸುಪ್ರೀಂ ಕೋರ್ಟು 1994ರಲ್ಲಿ, ಆದಿಲಾಬಾದಿನ ಜವಾಜಿ ನಾಗನಾಥಂ ಪ್ರಕರಣದಲ್ಲಿ ಹೇಳಿತು. 2013ರ ಹೊಸ ಭೂಸ್ವಾಧೀನ ಕಾಯ್ದೆ ಇನ್ನೂ ಮುಂದೆ ಹೋಯಿತು: ಹಿಂದಿನ ಮೂರು ವರ್ಷದ ಕ್ರಯಪತ್ರಗಳನ್ನು ಸಾಲಾಗಿಟ್ಟು, ಹೆಚ್ಚಿನ ಬೆಲೆ ಬರೆದಿರುವ ಮೇಲಿನ ಅರ್ಧವನ್ನು ಮಾತ್ರ ಸರಾಸರಿಗೆ ತೆಗೆದುಕೊಳ್ಳಬೇಕೆಂದಿತು. ಮಾರ್ಗಸೂಚಿ ಮೌಲ್ಯ ಅದಕ್ಕಿಂತ ಹೆಚ್ಚಿದ್ದರೆ ಅದನ್ನು ಹಿಡಿಯಬೇಕು, ಅದರ ಮೇಲೆ ಶೇ 100ರಷ್ಟು ಹೆಚ್ಚುವರಿ ಕೊಡಬೇಕು. ಕೆಳಗಿನ ಅರ್ಧ ಪತ್ರಗಳನ್ನು ಕಾನೂನೇ ಪಕ್ಕಕ್ಕಿಟ್ಟಿತು ಎಂದರೆ, ನಮ್ಮ ನೋಂದಣಿ ಪುಸ್ತಕಗಳ ಅರ್ಧಭಾಗ ನಂಬಿಕೆಗೆ ಅರ್ಹವಲ್ಲವೆಂದು ಸಂಸತ್ತು ಬರೆದುಕೊಟ್ಟಂತಾಯಿತು. ಹೆಚ್ಚಿನ ಪರಿಹಾರ ಕೊಟ್ಟರೆ ಬೊಕ್ಕಸಕ್ಕೆ ಭಾರ ಎನ್ನುವವರಿಗೂ ಇದರಲ್ಲೇ ಉತ್ತರವಿದೆ. ಆ ಭಾರ ಎಲ್ಲಿಗೂ ಹೋಗುವುದಿಲ್ಲ. ಊರೆಲ್ಲ ಹೊರಬೇಕಾದದ್ದನ್ನು ನಾಲ್ಕು ಮನೆಯವರು ಹೊರುತ್ತಾರೆ, ಅಷ್ಟೇ.

ಈಗ ಮನೆ ಸಾಲಕ್ಕೆ ಬರೋಣ. ಬದಲಾಗುವ ಬಡ್ಡಿಯ ಮನೆ ಸಾಲಕ್ಕೆ ಅವಧಿಗೆ ಮೊದಲೇ ತೀರಿಸಿದರೆ ದಂಡ ಹಾಕಕೂಡದೆಂದು ರಿಸರ್ವ್ ಬ್ಯಾಂಕ್ 2012ರಲ್ಲಿ ಬ್ಯಾಂಕುಗಳಿಗೆ ಹೇಳಿದ ಮೇಲೆ, ಕಡಿಮೆ ಬಡ್ಡಿಯ ಕಡೆಗೆ ಸಾಲ ವರ್ಗಾಯಿಸುವುದು ತಾಲೂಕು ಕೇಂದ್ರಗಳಲ್ಲೂ ರೂಢಿಗೆ ಬಂತು. ಹೊಳೆನರಸೀಪುರದಲ್ಲಿ 30–40ರ ಸೈಟಿನ ಮೇಲೆ ಒಂದು ಮನೆ, 35 ಲಕ್ಷ ಸಾಲ ಬಾಕಿ, ಒಂದು ಕಂತೂ ತಪ್ಪಿಲ್ಲ ಎಂದುಕೊಳ್ಳಿ. ಮೂವತ್ತರಿಂದ ಎಪ್ಪತ್ತೈದು ಲಕ್ಷದವರೆಗಿನ ಸಾಲಕ್ಕೆ ಆಸ್ತಿ ಮೌಲ್ಯದ ಶೇ 80ರ ಮಿತಿಯಿದೆ. ಮೌಲ್ಯಮಾಪಕರು 50 ಲಕ್ಷ ಬರೆದರೆ 40 ಲಕ್ಷದವರೆಗೆ ಸಾಲ ಸಿಗುತ್ತದೆ, ವರ್ಗಾವಣೆ ಸುಲಭ. 40 ಲಕ್ಷ ಬರೆದರೆ ಮಿತಿ 32 ಲಕ್ಷ, ವರ್ಗಾವಣೆ ನಿಂತಿತು. ಆ 40 ಎಲ್ಲಿಂದ ಬರುತ್ತದೆ? ಸೈಟಿಗೆ ಮಾರ್ಗಸೂಚಿ ದರದ ಆಸುಪಾಸು, ಹಳೆಯ ಕ್ರಯಪತ್ರದ ಮೊತ್ತ, ಪಕ್ಕದ ಮನೆ ಮಾರಿದಾಗ ಬರೆಸಿದ ಬೆಲೆ. ಕಟ್ಟಡಕ್ಕೆ ಚದರಡಿ ದರದಿಂದ ವಯಸ್ಸಿನ ಸವಕಳಿ ಕಳೆದು ಉಳಿದದ್ದು. ಪಂಚಾಯ್ತಿ ಸೈಟಾಗಿದ್ದು ಇ-ಸ್ವತ್ತಿನ 9, 11ರ ನಮೂನೆಯಲ್ಲಿ ಅಳತೆ ತಪ್ಪಿದ್ದರೆ ಇನ್ನೂ ಇಳಿಯುತ್ತದೆ. ನೂರೈವತ್ತು ವರ್ಷದ ಕಡಿಮೆ ಕಾಗದ ಇಲ್ಲಿ ಮತ್ತೆ ಎದುರಾಗುತ್ತದೆ. ಆದರೆ ಈ ಸಲ 18ನೇ ಕಲಮಿಲ್ಲ. ಸಾಲಗಾರನ ಕೈಗೆ ವರದಿಯೇ ಬರುವುದು ಅಪರೂಪ. 2021ರ ಒಂಬುಡ್ಸ್‌ಮನ್ ಯೋಜನೆ ಬ್ಯಾಂಕಿನ ವಾಣಿಜ್ಯ ತೀರ್ಮಾನವನ್ನು ತನ್ನ ವ್ಯಾಪ್ತಿಯಿಂದ ಹೊರಗಿಟ್ಟಿದೆ. ಕಂತು ತಪ್ಪಿ ಮನೆ ಹರಾಜಿಗೆ ಬಂದರೆ ಮಾತ್ರ ಕಾನೂನು ಬೇರೆ ಮಾತಾಡುತ್ತದೆ: ಸರ್ಫೇಸಿ ನಿಯಮದಂತೆ ಅನುಮೋದಿತ ಮೌಲ್ಯಮಾಪಕರ ವರದಿ ಪಡೆದೇ ಮೀಸಲು ಬೆಲೆ ಗೊತ್ತುಮಾಡಬೇಕು, ಅದು ಕಡಿಮೆಯೆಂದು ಸಾಲ ವಸೂಲಾತಿ ನ್ಯಾಯಮಂಡಳಿಯಲ್ಲಿ 45 ದಿನದೊಳಗೆ ಪ್ರಶ್ನಿಸಬಹುದು. ಕಂತು ತಪ್ಪಿದವನಿಗೆ ಇರುವ ತಕರಾರಿನ ಹಕ್ಕು ಕಂತು ತಪ್ಪದವನಿಗೆ ಇಲ್ಲ.

ಬ್ಯಾಂಕಿನವರು ಹೇಳುವುದನ್ನೂ ಕೇಳಬೇಕು. ಅವರು ಸಾಲ ಕೊಡುವುದು ಠೇವಣಿದಾರರ ಹಣದಲ್ಲಿ. ಬೆಲೆ ಉಬ್ಬಿಸಿ ಬರೆದ ವರದಿಗಳಿಂದ ಮುಳುಗಿದ ಸಾಲಗಳು ಎಲ್ಲ ಊರಿನಲ್ಲೂ ಇವೆ. ಎಚ್ಚರಿಕೆಯ ಬೆಲೆ ಎಲ್ಲರಿಗೂ ಒಳ್ಳೆಯದು. ಎಚ್ಚರಿಕೆ ಬೇಕು, ನಿಜ. ಆದರೆ ಆ ಎಚ್ಚರಿಕೆಗೆಂದೇ ಶೇ 80ರ ಮಿತಿ ಇದೆಯಲ್ಲ. ಬೆಲೆಯನ್ನು ನಿಜವಾಗಿ ಬರೆದು ಅದರ ಐದನೇ ಒಂದು ಭಾಗ ಬಿಟ್ಟು ಸಾಲ ಕೊಡುವುದು ಎಚ್ಚರಿಕೆ. ಬೆಲೆಯನ್ನೂ ಇಳಿಸಿ, ಇಳಿಸಿದ್ದರಲ್ಲಿ ಮತ್ತೆ ಐದನೇ ಒಂದು ಭಾಗ ಬಿಡುವುದು ಒಂದೇ ಅಪಾಯಕ್ಕೆ ಎರಡು ಸಲ ದಂಡ. ಬೆಲೆಯನ್ನು ಪ್ರಶ್ನಿಸಲು ಬಿಟ್ಟರೆ ಬ್ಯಾಂಕುಗಳು ನಡೆಯಲಾರವು ಎಂಬ ಭಯಕ್ಕೂ ಆಧಾರ ಕಾಣುವುದಿಲ್ಲ. ಅಮೆರಿಕದಲ್ಲಿ 2014ರಿಂದ ಮನೆ ಸಾಲ ಕೊಡುವವರು ಮೌಲ್ಯಮಾಪನದ ಪ್ರತಿಯನ್ನು ಸಾಲದ ಒಪ್ಪಂದ ಅಂತಿಮವಾಗುವ ಮೂರು ಕೆಲಸದ ದಿನಕ್ಕೆ ಮೊದಲೇ ಅರ್ಜಿದಾರನಿಗೆ ಕೊಡಬೇಕು. 2024ರ ಜುಲೈನಲ್ಲಿ ಅಲ್ಲಿನ ಐದು ನಿಯಂತ್ರಣ ಸಂಸ್ಥೆಗಳು ಸೇರಿ, ಬೆಲೆಯನ್ನು ಮರುಪರಿಶೀಲಿಸಿ ಎಂಬ ಸಾಲಗಾರನ ಕೋರಿಕೆಯನ್ನು ಹೇಗೆ ನಡೆಸಬೇಕೆಂದು ಮಾರ್ಗಸೂಚಿ ಹೊರಡಿಸಿದವು. ಹಾಸನ ಜಿಲ್ಲೆಯಿಂದ ಹೋಗಿ ಅಲ್ಲಿ ಮನೆ ಕೊಂಡ ಮಗನಿಗೆ ಸಿಗುವ ಕಾಗದ ಇಲ್ಲಿ ಅವನ ತಂದೆಗೆ ಸಿಗಬಾರದೇಕೆ? ಸಾಲಗಾರನಿಗೆ ವರದಿಯ ಪ್ರತಿ, ಲಿಖಿತ ಆಕ್ಷೇಪಣೆಗೆ ಒಂದು ಅವಧಿ, ಆಕ್ಷೇಪಣೆ ಬಂದರೆ ಎರಡನೆಯ ಮೌಲ್ಯಮಾಪಕರು: ಈ ಮೂರನ್ನು ರಿಸರ್ವ್ ಬ್ಯಾಂಕ್ ಕಡ್ಡಾಯ ಮಾಡಬೇಕು. 1905ರಲ್ಲಿ ಕಲೆಕ್ಟರನ ಬೆಲೆಗೆ ಅನ್ವಯಿಸಿದ ಮಾತನ್ನು ಬ್ಯಾಂಕಿನ ಬೆಲೆಗೂ ಅನ್ವಯಿಸಿದರೆ ಸಾಕು.

ಅದು ಬರುವವರೆಗೆ ಮಾಡಬಹುದಾದದ್ದು ಇದೆ. ಬೆಲೆ ಕಡಿಮೆ ಬಂತೆಂದು ಶಾಖೆಯಲ್ಲಿ ಬಾಯಿಮಾತಿನ ಜಗಳ ಆಡಬೇಡಿ. ವರದಿಯ ಪ್ರತಿಯನ್ನು ಬರವಣಿಗೆಯಲ್ಲಿ ಕೇಳಿ. ಅದರಲ್ಲಿ ಸೈಟಿನ ಅಳತೆ, ರಸ್ತೆಯ ಅಗಲ, ಕಟ್ಟಿದ ವರ್ಷ, ಚದರಡಿ ಸರಿಯಿದೆಯೇ ನೋಡಿ. ಹಳೆಯ ಮನೆಗೆ ಮಹಡಿ ಸೇರಿಸಿದ್ದರೆ ಅದಕ್ಕೂ ಹಳೆಯ ಭಾಗದ ಸವಕಳಿಯನ್ನೇ ಕಳೆದಿದ್ದಾರೆಯೇ ನೋಡಿ. ಅದೇ ಬೀದಿಯಲ್ಲಿ ಈಚೆಗೆ ನೋಂದಣಿಯಾದ ಕ್ರಯಪತ್ರಗಳ ದೃಢೀಕೃತ ನಕಲು ಉಪನೋಂದಣಿ ಕಚೇರಿಯಲ್ಲಿ ಸಿಗುತ್ತದೆ, ತೆಗೆಸಿ ಲಗತ್ತಿಸಿ. ಎರಡನೆಯ ಮೌಲ್ಯಮಾಪನಕ್ಕೆ ಶುಲ್ಕ ಕಟ್ಟಲು ಸಿದ್ಧವೆಂದು ಬರೆಯಿರಿ. ಮತ್ತು ನಾಳೆ ಸೈಟನ್ನೋ ಗದ್ದೆಯನ್ನೋ ಕೊಳ್ಳುವಾಗ ಕೊಟ್ಟಷ್ಟನ್ನೇ ಬರೆಸಿ. ಕಡಿಮೆ ಬರೆಸಿ ಉಳಿಸುವ ನಾಲ್ಕು ಕಾಸಿಗೆ ನಿಮ್ಮ ಬೀದಿಯವರೆಲ್ಲರ ಬೆಲೆ ಇಳಿಯುತ್ತದೆ.